ಹಳೇ ಲೇಥಿಗೆ ಚಕ್, ಗೇರ್, ಸ್ಟೆಡಿ: ಕೊಳ್ಳುವುದು ಯಾವುದು, ಮಾಡಿಕೊಳ್ಳುವುದು ಯಾವುದು?

ಓದುಗರ ಪ್ರಶ್ನೆ: "ಈಚೆಗೆ ಒಂದು ಹಳೇ ಮೈಫೋರ್ಡ್ ಎಂಎಲ್7 ಲೇಥ್ ಕೊಂಡೆ. ಬೆಡ್ ಹೆಚ್ಚು ಸವೆದಿಲ್ಲ, ಓಡುವಾಗ ಸದ್ದೂ ಇಲ್ಲ. ಆದರೆ ಅದರ ಜೊತೆ ಬಂದದ್ದು ಒಂದು ಮೂರು ಜಾ ಚಕ್ (ಕಡೆಯುವ ತುಂಡನ್ನು ಮೂರು ದವಡೆಗಳಲ್ಲಿ ಕಚ್ಚಿ ಹಿಡಿಯುವುದು) ಮತ್ತು ಥ್ರೆಡ್ ತೆಗೆಯಲು ಬದಲಿಸಿ ಹಾಕುವ ಕೆಲವೇ ಚೇಂಜ್ ಗೇರ್‌ಗಳು. ನಾಲ್ಕು ಜಾ ಚಕ್, ಫೇಸ್ ಪ್ಲೇಟ್ (ತುಂಡನ್ನು ಬೋಲ್ಟ್ ಮಾಡುವ ಸೀಳಿನ ತಟ್ಟೆ), ಸ್ಟೆಡಿ (ಉದ್ದ ಸರಳಿಗೆ ಕೊಡುವ ಆಸರೆ), ವರ್ಟಿಕಲ್ ಸ್ಲೈಡ್ ಯಾವುದೂ ಇಲ್ಲ. ಚಕ್‌ನಲ್ಲಿ ನೇರವಾದ ಸರಳು ಹಿಡಿದು ಡಯಲ್ ಗೇಜ್ ಇಟ್ಟರೆ 0.12 ಮಿ.ಮೀ. ರನ್‌ಔಟ್ (ತಿರುಗುವಾಗಿನ ಓಲಾಟ) ತೋರಿಸುತ್ತದೆ. ಒರಿಜಿನಲ್ ಅಲ್ಲದ ಚಕ್ ಹಾಕಿದರೆ ಸ್ಪಿಂಡಲ್ (ಚಕ್ ಕೂರುವ, ತಿರುಗುವ ದಂಡ) ಹಾಳಾಗುತ್ತದೆ ಅಂತ ಒಬ್ಬರು ಹೇಳಿದರು. 127 ಹಲ್ಲಿನ ಗೇರ್ ಇಲ್ಲದೆ ಮೆಟ್ರಿಕ್ ಥ್ರೆಡ್ ಆಗುವುದೇ ಇಲ್ಲ ಅಂತ ಇನ್ನೊಬ್ಬರು. ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿದ ಗೇರ್ ಬರೀ ಆಟಿಕೆ ಅಂತಲೂ ಕೇಳಿದೆ. ಒಂದೊಂದೇ ಒರಿಜಿನಲ್ ಕೊಳ್ಳುತ್ತಾ ಹೋದರೆ ಲೇಥಿಗಿಂತ ಸಾಮಾನೇ ದುಬಾರಿ. ಮೋಟರಿಗೆ ವೇಗ ಬದಲಿಸುವ ವಿಎಫ್‌ಡಿ ಹಾಕಿಸುವ ಯೋಚನೆಯೂ ಇದೆ. ಎಲ್ಲಿಂದ ಶುರು ಮಾಡಲಿ? ಇದನ್ನು ಮಾರಿ ಹೊಸದು ಕೊಳ್ಳುವುದೇ ವಾಸಿನಾ?"

ಉತ್ತರ:

ಮಾರಬೇಡಿ. ಬೆಡ್ ಮತ್ತು ಸ್ಪಿಂಡಲ್ ಚೆನ್ನಾಗಿದ್ದರೆ ಲೇಥಿನಲ್ಲಿ ಕಷ್ಟದ ಭಾಗ ಆಗಲೇ ನಿಮ್ಮ ಕೈಯಲ್ಲಿದೆ. ಉಳಿದದ್ದರಲ್ಲಿ ಬಹುಪಾಲನ್ನು ಅದೇ ಲೇಥಿನ ಮೇಲೆ ಮಾಡಿಕೊಳ್ಳಬಹುದು. ನಿಮ್ಮ ಚಿಂತೆ ನಿಜವಾಗಿ ಎರಡು. ಬೇರೆಯವರ ಸಾಮಾನು ಕೂತೀತಾ ಅನ್ನುವುದು ಒಂದು. ಇಷ್ಟೇ ಇಟ್ಟುಕೊಂಡು ಕೆಲಸ ಶುರುವಾದೀತಾ ಅನ್ನುವುದು ಇನ್ನೊಂದು. ಎರಡಕ್ಕೂ ಹೌದು ಅನ್ನುತ್ತೇನೆ, ಆದರೆ ಮಾಡುವ ಕ್ರಮ ಮುಖ್ಯ.

ನಾನು ಪಾಲಿಸುವ ನಿಯಮ ಒಂದಿದೆ. ಗಟ್ಟಿಗೊಳಿಸಿ ಗ್ರೈಂಡ್ ಮಾಡಿದ ವಸ್ತುಗಳನ್ನು ಕೊಳ್ಳಬೇಕು: ಚಕ್, ಕೊಲೆಟ್ (ಸರಳನ್ನು ಸುತ್ತಲೂ ಅಪ್ಪಿ ಹಿಡಿಯುವ ಸೀಳು ಬಳೆ), ಡ್ರಿಲ್ ಚಕ್, ಲೈವ್ ಸೆಂಟರ್ (ತುಂಡಿನ ಜೊತೆ ತಿರುಗುವ ಮೊನೆ ಆಸರೆ). ಇವನ್ನು ಮನೆಯ ವರ್ಕ್‌ಶಾಪ್‌ನಲ್ಲಿ ಸರಿಯಾಗಿ ಮಾಡುವುದು ಕಷ್ಟ, ಮತ್ತು ಇವು ಯಾವ ಬ್ರಾಂಡಿನ ಲೇಥಿಗೂ ಸೇರಿದವಲ್ಲ. ನಿಮ್ಮ ಲೇಥಿನ ಅಳತೆಗೇ ಕೂರಬೇಕಾದವನ್ನು ಮಾಡಿಕೊಳ್ಳಬೇಕು: ಬ್ಯಾಕ್ ಪ್ಲೇಟ್ (ಚಕ್ ಮತ್ತು ಸ್ಪಿಂಡಲ್ ನಡುವಿನ ತಟ್ಟೆ), ಫೇಸ್ ಪ್ಲೇಟ್, ಸ್ಟೆಡಿ, ಟೂಲ್ ಪೋಸ್ಟ್ (ಟೂಲ್ ಹಿಡಿಯುವುದು), ಸ್ಟಾಪ್, ಗೇರ್. ದುಬಾರಿ "ಒರಿಜಿನಲ್" ಅಂತ ಮಾರುವವುಗಳಲ್ಲಿ ಬಹಳಷ್ಟು ಈ ಎರಡನೇ ಗುಂಪಿನವು.

ಮೊದಲು ಆ 0.12 ಮಿ.ಮೀ. ವಿಷಯ. ಅದನ್ನು ನೋಡಿ ಲೇಥೇ ಕೆಟ್ಟಿದೆ ಅಂದುಕೊಳ್ಳಬೇಡಿ. ಹಳೇ ಮೂರು ಜಾ ಚಕ್‌ನ ಒಳಗಿನ ಸ್ಕ್ರೋಲ್ (ಜಾಗಳನ್ನು ಒಟ್ಟಿಗೆ ಸರಿಸುವ ಸುರುಳಿ) ಸವೆದಿರುತ್ತದೆ, ಜಾಗಳ ಬಾಯಿ ಹೊರಗಡೆಗೆ ಅಗಲವಾಗಿರುತ್ತದೆ. ಅಷ್ಟು ರನ್‌ಔಟ್ ತೀರಾ ಸಾಮಾನ್ಯ. ಚಕ್ ಬಿಚ್ಚಿ, ಸ್ಪಿಂಡಲ್‌ನ ಮೂತಿ ಒರೆಸಿ, ಡಯಲ್ ಗೇಜನ್ನು ಥ್ರೆಡ್‌ನ ಹಿಂದೆ ಇರುವ ನುಣುಪಾದ ಪಟ್ಟಿಯ ಮೇಲೆ ಇಡಿ. ಅದಕ್ಕೆ ರಿಜಿಸ್ಟರ್ ಅನ್ನುತ್ತಾರೆ. ಕೈಯಿಂದ ತಿರುಗಿಸಿ. ಅಲ್ಲಿ ಮುಳ್ಳು ಅಲ್ಲಾಡದಿದ್ದರೆ ಸ್ಪಿಂಡಲ್ ಆರೋಗ್ಯವಾಗಿದೆ, ತೊಂದರೆ ಪೂರ್ತಿ ಚಕ್‌ನದು. ಆಮೇಲೆ ಗೇಜನ್ನು ರಿಜಿಸ್ಟರ್ ಪಕ್ಕದ ಭುಜದ ಮುಖಕ್ಕೂ ಇಟ್ಟು ನೋಡಿ. ಅಲ್ಲಿ ಒಂದು ಸಣ್ಣ ಪೆಟ್ಟಿನ ಗುರುತು ಉಬ್ಬಿದ್ದರೂ ಚಕ್ ವಾಲಿಕೊಂಡೇ ಕೂರುತ್ತದೆ. ಅಂಥ ಉಬ್ಬನ್ನು ನಯವಾದ ಎಣ್ಣೆಕಲ್ಲಿನಿಂದ ಮೆಲ್ಲಗೆ ಉಜ್ಜಿ ತೆಗೆಯಬಹುದು. ಅರ ಮಾತ್ರ ಹಾಕಬೇಡಿ.

ಇನ್ನೊಂದು ಮಾತು. ಒಂದೇ ಹಿಡಿತದಲ್ಲಿ ಟರ್ನಿಂಗ್ (ಹೊರಮೈ ಕಡೆಯುವುದು), ಬೋರಿಂಗ್ (ಒಳತೂತು ಕಡೆಯುವುದು), ಪಾರ್ಟಿಂಗ್ (ಕತ್ತರಿಸಿ ಬೇರೆ ಮಾಡುವುದು) ಎಲ್ಲ ಮುಗಿಸಿದರೆ ಚಕ್‌ನ ರನ್‌ಔಟ್ ಕೆಲಸದ, ಅಂದರೆ ಕಡೆಯುವ ತುಂಡಿನ, ಮೇಲೆ ಬರುವುದೇ ಇಲ್ಲ. ಕತ್ತರಿಸಿದ ಮೇಲ್ಮೈಗಳೆಲ್ಲ ಸ್ಪಿಂಡಲ್‌ನ ಅಕ್ಷಕ್ಕೇ ಸರಿಯಾಗಿ ಬರುತ್ತವೆ. ಕೆಲಸ ತೆಗೆದು ಮತ್ತೆ ಹಿಡಿದಾಗ ಮಾತ್ರ ತೊಂದರೆ. ಆಗ ಬೇಕಾಗುವುದು ಹೊಸ ಮೂರು ಜಾ ಚಕ್ ಅಲ್ಲ, ನಾಲ್ಕು ಜಾ ಇಂಡಿಪೆಂಡೆಂಟ್ ಚಕ್. ಪ್ರತಿ ಜಾ ಬೇರೆ ಬೇರೆ ಸರಿಯುವುದರಿಂದ ಚಕ್ ಹಳೆಯದಾದರೂ ಡಯಲ್ ಗೇಜ್ ನೋಡುತ್ತಾ ಸೊನ್ನೆಗೆ ತರಬಹುದು. ಒಂದೇ ಒಂದು ಸಾಮಾನು ಕೊಳ್ಳುವಷ್ಟು ದುಡ್ಡಿದ್ದರೆ ಅದನ್ನೇ ಕೊಳ್ಳಿ.

ಈಗ "ಒರಿಜಿನಲ್ ಅಲ್ಲದ್ದು ಸ್ಪಿಂಡಲ್ ಹಾಳು ಮಾಡುತ್ತದೆ" ಅನ್ನುವ ಮಾತು. ಇದರಲ್ಲಿ ಸ್ವಲ್ಪ ಸತ್ಯವಿದೆ, ಬ್ರಾಂಡಿನ ಹೆಸರಿಗೆ ಮಾತ್ರ ಅದು ಸಂಬಂಧಿಸಿಲ್ಲ. ಸ್ಪಿಂಡಲ್ ಹಾಳಾಗುವುದು ತಪ್ಪು ಥ್ರೆಡ್ಡನ್ನು ಬಲವಂತವಾಗಿ ಹಾಕಿದಾಗ, ಇಲ್ಲವೇ ಮಧ್ಯೆ ಲೋಹದ ಚಿಪ್ಸ್ ಸಿಕ್ಕಿದಾಗ. ಎಂಎಲ್7ರ ಮೂತಿ 1⅛ ಇಂಚು ವ್ಯಾಸ, ಇಂಚಿಗೆ 12 ಥ್ರೆಡ್, ವಿಟ್ವರ್ತ್ ಆಕಾರ. ಅಂದರೆ ಥ್ರೆಡ್‌ನ ಕೋನ 55 ಡಿಗ್ರಿ. ರಿಜಿಸ್ಟರ್ 1¼ ಇಂಚು. ಈ ಅಳತೆಗೆ ಸರಿಯಾಗಿ ಮಾಡಿದ ಬ್ಯಾಕ್ ಪ್ಲೇಟ್ ಇದ್ದರೆ, ಹಿಂಬದಿ ಚಪ್ಪಟೆ ಇರುವ ಯಾವ ಒಳ್ಳೆಯ ಚಕ್ಕನ್ನೂ ಅದಕ್ಕೆ ಬೋಲ್ಟ್ ಮಾಡಬಹುದು. ಚಕ್ ಮಾಡಿದವರಿಗೆ ನಿಮ್ಮ ಲೇಥ್ ಯಾವುದು ಅಂತ ಗೊತ್ತಿರಬೇಕಾಗಿಯೇ ಇಲ್ಲ.

ಹಾಗಾಗಿ ಹಳೇ ಸಾಮಾನು ಹುಡುಕುವಾಗ ಲೇಥಿನ ಹೆಸರಿನಿಂದ ಮಾತ್ರ ಹುಡುಕಬೇಡಿ, ಥ್ರೆಡ್‌ನಿಂದಲೂ ಹುಡುಕಿ. ಇಂಗ್ಲೆಂಡಿನ ಬೀಸ್ಟನ್‌ನಲ್ಲಿದ್ದ ಮೈಫೋರ್ಡ್ ಕಾರ್ಖಾನೆ 2011ರಲ್ಲಿ ಮುಚ್ಚಿತು. ಹೆಸರಿನ ಹಕ್ಕನ್ನು ಬೇರೆ ಕಂಪನಿ ಕೊಂಡಿತು. ಆ ಹೆಸರಿದ್ದ ಹಳೇ ಸಾಮಾನಿಗೆ ಬೆಲೆ ಏರಲು ಹೆಸರೇ ಒಂದು ಕಾರಣ. ಅದೇ ಥ್ರೆಡ್ ಇರುವ, ಹೆಸರಿಲ್ಲದ ಬ್ಯಾಕ್ ಪ್ಲೇಟ್ ಕೆಲವೊಮ್ಮೆ ಗುಜರಿ ಡಬ್ಬದಲ್ಲಿ ಬಿದ್ದಿರುತ್ತದೆ. ಬೇರೆ ಲೇಥ್ ಇರುವವರಿಗೂ ಈ ಮಾತು ಸಲ್ಲುತ್ತದೆ. ಸೌತ್ ಬೆಂಡ್ 9 ಇಂಚಿನ ಲೇಥಿಗೂ ಅಟ್ಲಾಸ್ 10 ಇಂಚಿನದಕ್ಕೂ ಮೂತಿಯ ಥ್ರೆಡ್ 1½ ಇಂಚು, ಇಂಚಿಗೆ 8. ಪುಟ್ಟ ಯೂನಿಮ್ಯಾಟ್ ಎಸ್‌ಎಲ್‌ಗೆ ಎಂ12×1, ಅದರ ನಂತರ ಬಂದ ಯೂನಿಮ್ಯಾಟ್ 3ಕ್ಕೆ ಎಂ14×1. ಆದರೆ ಥ್ರೆಡ್ ಒಂದೇ ಆದಮಾತ್ರಕ್ಕೆ ಕೂರುತ್ತದೆ ಅನ್ನಲಾಗದು. ರಿಜಿಸ್ಟರ್‌ನ ವ್ಯಾಸ ಮತ್ತು ಉದ್ದವೂ ಹೊಂದಬೇಕು. ಥ್ರೆಡ್‌ನ ಕೆಲಸ ಎಳೆದು ಹಿಡಿಯುವುದು ಮಾತ್ರ. ನಡುವಿಗೆ ಕೂರಿಸುವುದು ರಿಜಿಸ್ಟರ್, ನೇರವಾಗಿ ನಿಲ್ಲಿಸುವುದು ಭುಜ. ಥ್ರೆಡ್ ಸ್ವಲ್ಪ ಸಡಿಲ ಇದ್ದರೂ ಚಿಂತೆ ಇಲ್ಲ, ರಿಜಿಸ್ಟರ್ ಸಡಿಲ ಇರಬಾರದು. ಮಾರುವವರ ಹತ್ತಿರ ಆ ಭಾಗದ ಫೋಟೋ ಮತ್ತು ವರ್ನಿಯರ್ ಅಳತೆ ಕೇಳಿ. ಕೊಡಲು ಹಿಂಜರಿದರೆ ಬಿಟ್ಟುಬಿಡಿ.

ಹಳೇ ಚಕ್ ಕೊಳ್ಳುವಾಗ ಜಾಗಳ ಮೇಲಿನ ನಂಬರ್ ಚಕ್‌ನ ಮೈಮೇಲಿನ ನಂಬರಿಗೆ ಹೊಂದುತ್ತದಾ ನೋಡಿ. ಒಳಜಾ, ಹೊರಜಾ ಎರಡು ಸೆಟ್ಟೂ ಇರಬೇಕು. ಒಂದು ಗ್ರೈಂಡ್ ಮಾಡಿದ ಪಿನ್ನನ್ನು ಜಾಗಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ. ಬಾಯಿಯ ಹತ್ತಿರ ಸಂದಿ ಕಂಡರೆ ಜಾ ಸವೆದಿದೆ. ಅದನ್ನು ಗ್ರೈಂಡ್ ಮಾಡಿ ಸರಿಪಡಿಸಬಹುದು ಅನ್ನುವುದು ನಿಜ. ಆದರೆ ಆ ದೂಳು ಬೆಡ್ ಮೇಲೆ ಬಿದ್ದರೆ ಬೆಡ್ ಸವೆಯುತ್ತದೆ. ಸಡಿಲವಾದ ಸ್ಕ್ರೋಲ್ ಅದರಿಂದ ಸರಿಹೋಗುವುದೂ ಇಲ್ಲ. ಗಾತ್ರದ ಆಸೆಯೂ ಬೇಡ. ಎಂಎಲ್7ರ ಸೆಂಟರ್ ಎತ್ತರ 3½ ಇಂಚು. ಮೂರು ಜಾ ಆದರೆ 100 ಮಿ.ಮೀ., ನಾಲ್ಕು ಜಾ ಆದರೆ 150 ಮಿ.ಮೀ. ಸಾಕು. ಅದಕ್ಕಿಂತ ದೊಡ್ಡದಾದರೆ ಜಾ ಹೊರಬಂದಾಗ ಬೆಡ್‌ಗೆ ತಾಗುತ್ತದೆ, ಬೇರಿಂಗ್ ಮೇಲೆ ಭಾರವೂ ಜಾಸ್ತಿ.

ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಬದಲಿಸುವ ಅಡಾಪ್ಟರ್‌ಗಳೂ ಸಿಗುತ್ತವೆ. ನಾನು ಅವನ್ನು ಶಿಫಾರಸು ಮಾಡುವುದಿಲ್ಲ. ಚಕ್ ಬೇರಿಂಗ್‌ನಿಂದ ಇನ್ನಷ್ಟು ಮುಂದೆ ಹೋಗುತ್ತದೆ, ಕಟ್ ಸ್ವಲ್ಪ ಆಳವಾದರೂ ನಡುಗುತ್ತದೆ. ಒಂದು ಜೋಡಣೆಯ ತಪ್ಪಿಗೆ ಇನ್ನೊಂದರ ತಪ್ಪು ಸೇರುತ್ತದೆ.

ಇನ್ನು ಮಾಡುವ ಕೆಲಸಕ್ಕೆ ಬರೋಣ. ನಿಮ್ಮಲ್ಲಿರುವ ಮೂರು ಜಾ ಚಕ್ಕಿನಿಂದಲೇ ಬ್ಯಾಕ್ ಪ್ಲೇಟ್ ಮಾಡಬಹುದು. ಅದಕ್ಕೂ ಮೊದಲು ಎರಡು ಚಿಕ್ಕ ಸಾಮಾನು ಮಾಡಿಕೊಳ್ಳಿ.

ಮೊದಲನೆಯದು ಸ್ಪಿಂಡಲ್‌ನ ಎಡತುದಿಗೆ ಸಿಕ್ಕಿಸುವ ಕೈಹಿಡಿ. ಸ್ಪಿಂಡಲ್‌ನ ತೂತಿಗೆ ಸರಿಯಾಗಿ ಜಾರುವ ಒಂದು ಕೊಳವೆ, ಅದರ ಒಳತುದಿಯನ್ನು ಗರಗಸದಿಂದ ಉದ್ದಕ್ಕೆ ಸೀಳಿರಬೇಕು. ಆ ತುದಿಯಲ್ಲಿ ಒಂದು ಟೇಪರ್ ಬಿರಡೆ, ಅದನ್ನು ಎಳೆಯಲು ಕೊಳವೆಯ ಮೂಲಕ ಹಾಯುವ ಒಂದು ಉದ್ದ ಬೋಲ್ಟ್. ಬೋಲ್ಟ್ ಬಿಗಿದರೆ ಸೀಳು ಹಿಗ್ಗಿ ಸ್ಪಿಂಡಲ್ ಒಳಗೆ ಕಚ್ಚಿಕೊಳ್ಳುತ್ತದೆ. ಹೊರತುದಿಯಲ್ಲಿ ಒಂದು ಸನ್ನೆ, ಅದಕ್ಕೊಂದು ಹಿಡಿ. ಇಷ್ಟೇ. ಇಷ್ಟು ಸರಳ ಸಾಮಾನು ಹಳೇ ಲೇಥಿಗೆ ಕೊಡುವ ಅನುಕೂಲ ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ. ಭುಜದವರೆಗೆ ಥ್ರೆಡ್ ತೆಗೆಯುವಾಗ ಮೋಟರ್ ಯಾವಾಗ ನಿಲ್ಲಿಸಲಿ ಅನ್ನುವ ಆತಂಕವೇ ಇರುವುದಿಲ್ಲ, ಕೈಯಿಂದ ತಿರುಗಿಸಿ ಬೇಕಾದಲ್ಲಿ ನಿಲ್ಲಿಸಬಹುದು. ಟ್ಯಾಪ್ ಮತ್ತು ಡೈ ಕೆಲಸಕ್ಕೂ ಇದೇ ಒಳ್ಳೆಯದು. ಒಂದೇ ಎಚ್ಚರಿಕೆ: ಕೈಹಿಡಿ ಸಿಕ್ಕಿಸುವ ಮೊದಲು ಮೋಟರಿನ ಪ್ಲಗ್ ಕಿತ್ತಿರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಆ ಸನ್ನೆ ಮೋಟರ್ ವೇಗದಲ್ಲಿ ತಿರುಗಿದರೆ ಕೈ ಮುರಿಯುತ್ತದೆ.

ಎರಡನೆಯದು ನಕಲಿ ಮೂತಿ. ಬ್ಯಾಕ್ ಪ್ಲೇಟಿನ ಥ್ರೆಡ್ ತೆಗೆಯುವಾಗ ಸ್ಪಿಂಡಲ್ ಮೇಲೆ ಚಕ್ ಇರುತ್ತದೆ, ಹಾಗಾಗಿ ಕೂರುತ್ತದಾ ಅಂತ ಅಲ್ಲಿಗೇ ಹಾಕಿ ನೋಡಲು ಆಗುವುದಿಲ್ಲ. ಅದಕ್ಕೆ ಒಂದು ಉಕ್ಕಿನ ಸರಳಿನ ತುದಿಯಲ್ಲಿ ನಿಮ್ಮ ಸ್ಪಿಂಡಲ್‌ನ ಮೂತಿಯನ್ನೇ ನಕಲು ಮಾಡಿ: ಅದೇ ಥ್ರೆಡ್, ಅದೇ ರಿಜಿಸ್ಟರ್, ಅದೇ ಭುಜ. ಅಳತೆಯನ್ನು ಯಾವುದೋ ಚಾರ್ಟ್‌ನಿಂದ ತೆಗೆದುಕೊಳ್ಳಬೇಡಿ, ನಿಮ್ಮ ಸ್ಪಿಂಡಲ್ಲನ್ನೇ ಮೈಕ್ರೋಮೀಟರಿನಿಂದ ಅಳೆಯಿರಿ. ಇದು ನಿಮ್ಮ ಗೇಜ್. ಮುಂದೆ ಮೂತಿಗೆ ಕೂರುವ ಏನೇ ಮಾಡಿದರೂ ಇದು ಬೇಕಾಗುತ್ತದೆ, ಜೋಪಾನವಾಗಿಡಿ.

ಇಂಚಿಗೆ 12 ಥ್ರೆಡ್ ತೆಗೆಯಲು ಗೇರ್ ಇದೆಯಾ ಅಂತ ನೋಡಬೇಕಲ್ಲ. ಎಂಎಲ್7ರ ಲೀಡ್ ಸ್ಕ್ರೂ (ಟೂಲ್ ಹೊತ್ತ ಕ್ಯಾರೇಜನ್ನು ಸರಿಸುವ ಉದ್ದ ಸ್ಕ್ರೂ) ಇಂಚಿಗೆ 8 ಥ್ರೆಡ್‌ನದು. ಹಾಗಾಗಿ ಬೇಕಾದ ಅನುಪಾತ 8ಕ್ಕೆ 12, ಅಂದರೆ ಮೂರರಲ್ಲಿ ಎರಡು. ಸ್ಪಿಂಡಲ್ ಕಡೆ 40, ಲೀಡ್ ಸ್ಕ್ರೂ ಮೇಲೆ 60 ಹಾಕಿದರೆ ಆಯಿತು. 20 ಮತ್ತು 30, 30 ಮತ್ತು 45, 50 ಮತ್ತು 75 ಆದರೂ ಅದೇ. ನಡುವೆ ಐಡ್ಲರ್ ಆಗಿ ಎಷ್ಟು ಹಲ್ಲಿನ ಗೇರ್ ಇದ್ದರೂ ಲೆಕ್ಕ ಬದಲಾಗದು. ನಿಮ್ಮ ಗೇರ್‌ಗಳಲ್ಲಿ ಇಂಥ ಒಂದು ಜೋಡಿ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ.

ಬ್ಯಾಕ್ ಪ್ಲೇಟಿಗೆ ಕಾಸ್ಟ್ ಐರನ್ ಒಳ್ಳೆಯದು. ಎರಕ ಹೊಯ್ದ ಬ್ಲ್ಯಾಂಕ್ ಸಿಗುತ್ತದೆ, ಇಲ್ಲವೇ ಕಾಸ್ಟ್ ಐರನ್ ಬಾರ್‌ನ ತುಂಡು ತನ್ನಿ. ಎರಕದ ಮೇಲ್ಪದರ ಗಟ್ಟಿ ಇರುತ್ತದೆ. ಮೊದಲ ಕಟ್ ಆ ಪದರದ ಕೆಳಗೆ ಹೋಗುವಷ್ಟು ಆಳವಿರಲಿ, ಸುಮ್ನೆ ಮೇಲೆ ಸವರುತ್ತಾ ಹೋದರೆ ಟೂಲ್‌ನ ತುದಿ ಸುಡುತ್ತದೆ. ಎಣ್ಣೆ ಬೇಡ, ಒಣದಾಗಿಯೇ ಕತ್ತರಿಸಿ. ಬೆಡ್ ಮೇಲೆ ಬಟ್ಟೆ ಅಥವಾ ಕಾಗದ ಹಾಸಿ, ಕೆಲಸ ಮುಗಿದ ಮೇಲೆ ಒರೆಸಿ ಹೊಸ ಎಣ್ಣೆ ಹಚ್ಚಿ. ಆ ಕಪ್ಪು ಪುಡಿ ಎಣ್ಣೆಗೆ ಸೇರಿದರೆ ಉಜ್ಜುವ ಪೇಸ್ಟ್ ಆಗಿಬಿಡುತ್ತದೆ.

ಬ್ಲ್ಯಾಂಕಿನ ಅಂಚನ್ನು ಹೊರಜಾಗಳಲ್ಲಿ ಹಿಡಿಯಿರಿ. ಸ್ಪಿಂಡಲ್ ಕಡೆಗೆ ಬರಬೇಕಾದ ಗುಬ್ಬಿ (ಹಿಂದೆ ಉಬ್ಬಿದ ನಡುಭಾಗ) ಈಗ ಬಲತುದಿಯ ಟೇಲ್‌ಸ್ಟಾಕ್ ಕಡೆಗೆ ಇರಬೇಕು. ಹಿಂದೆ ಟೂಲ್ ಹೊರಬರಲು ಚಕ್‌ಗೂ ಬ್ಲ್ಯಾಂಕಿಗೂ ನಡುವೆ ಸ್ವಲ್ಪ ಜಾಗ ಬಿಡಿ. ಈ ಒಂದೇ ಹಿಡಿತದಲ್ಲಿ ನಾಲ್ಕು ಕೆಲಸ ಆಗಬೇಕು: ಗುಬ್ಬಿಯ ಮುಖ ಫೇಸಿಂಗ್, ಬೋರಿಂಗ್, ರಿಜಿಸ್ಟರ್‌ನ ಕೌಂಟರ್ ಬೋರ್, ಥ್ರೆಡ್. ವಿಟ್ವರ್ತ್ ಥ್ರೆಡ್‌ನ ಆಳ ಪಿಚ್‌ನ (ಒಂದು ಎಳೆಯಿಂದ ಮುಂದಿನ ಎಳೆಗಿರುವ ದೂರದ) 0.64ರಷ್ಟು. ಆ ಲೆಕ್ಕದಲ್ಲಿ ಬೋರ್ 1.018 ಇಂಚು, ಅಂದರೆ ಸುಮಾರು 25.9 ಮಿ.ಮೀ. ಬರುತ್ತದೆ. ಒಂದೆರಡು ಹತ್ತಂಶ ಮಿ.ಮೀ. ದೊಡ್ಡದಿದ್ದರೂ ನಷ್ಟವಿಲ್ಲ. ರಿಜಿಸ್ಟರ್ ಬೋರನ್ನು ಮಾತ್ರ ಆತುರವಿಲ್ಲದೆ ಮಾಡಿ. ಕೊನೆಯಲ್ಲಿ ಫೀಡ್ ಬದಲಿಸದೆ ಅದೇ ಕಟ್‌ನಲ್ಲಿ ಎರಡು ಮೂರು ಸಲ ಟೂಲ್ ಓಡಿಸಿ, ಬೋರಿಂಗ್ ಬಾರ್‌ನ ಬಾಗು ತೀರುತ್ತದೆ. ನಕಲಿ ಮೂತಿ ಕೈಯಲ್ಲೇ ಜಾರಿ ಒಳಗೆ ಹೋಗಬೇಕು, ಆದರೆ ಅಲ್ಲಾಡಬಾರದು. ಥ್ರೆಡ್ ತುದಿ ಮುಟ್ಟುವ ಮೊದಲೇ ಗುಬ್ಬಿಯ ಮುಖ ಭುಜಕ್ಕೆ ಕೂರಬೇಕು.

ಥ್ರೆಡ್ ತೆಗೆಯುವಾಗ ಹಾಫ್ ನಟ್ (ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಕೂಡಿಸುವುದು) ಬಿಡದೆ, ಟೂಲ್ ಹಿಂದೆ ಎಳೆದು, ಕೈಹಿಡಿಯಿಂದ ಸ್ಪಿಂಡಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಶುರು ಮಾಡಬಹುದು. ಹಾಫ್ ನಟ್ ಯಾವಾಗ ಕೂಡಿಸಬೇಕು ಅಂತ ತೋರಿಸುವ ಥ್ರೆಡ್ ಡಯಲ್ ಇಲ್ಲದಿದ್ದರೂ ಎಳೆ ತಪ್ಪುವುದಿಲ್ಲ. ಡಯಲ್ ಮಾಡಿಕೊಳ್ಳುವುದೂ ಕಷ್ಟವಲ್ಲ. 8 ಥ್ರೆಡ್‌ನ ಲೀಡ್ ಸ್ಕ್ರೂಗೆ 16 ಹಲ್ಲಿನ ಚಕ್ರ ಹಾಕಿದರೆ, ಒಂದು ಸುತ್ತಿಗೆ ಕ್ಯಾರೇಜ್ 2 ಇಂಚು ಸರಿದಂತೆ.

ಈಗ ಚಕ್ ಬಿಚ್ಚಿ, ಬ್ಲ್ಯಾಂಕನ್ನೇ ಸ್ಪಿಂಡಲ್‌ಗೆ ಹಾಕಿ. ಮುಂದಿನ ಮುಖವನ್ನೂ, ಚಕ್‌ನ ಹಿಂಬದಿಯ ಗುಂಡಿಗೆ ಕೂರುವ ಅಂಚನ್ನೂ ಅಲ್ಲೇ ಕತ್ತರಿಸಿ. ಸ್ವಂತ ಸ್ಪಿಂಡಲ್ ಮೇಲೆ ತಿರುಗುತ್ತಾ ಕತ್ತರಿಸಿಕೊಂಡ ಮುಖ ಆ ಸ್ಪಿಂಡಲ್‌ಗೆ ಎಷ್ಟು ಸರಿಯಾಗಿ ಕೂರುತ್ತದೋ, ಕೊಂಡು ತಂದ ಒರಿಜಿನಲ್ ಬ್ಯಾಕ್ ಪ್ಲೇಟ್ ಅಷ್ಟು ಸರಿಯಾಗಿ ಕೂರುವ ಖಾತ್ರಿಯಿಲ್ಲ. ಅದಕ್ಕೇ ಇದನ್ನು ಮಾಡಿಕೊಳ್ಳಿ ಅನ್ನುವುದು, ದುಡ್ಡು ಉಳಿಯುವುದು ಆಮೇಲಿನ ಮಾತು. ಇದೇ ರೀತಿ ಸ್ವಲ್ಪ ದೊಡ್ಡ ಬ್ಲ್ಯಾಂಕಿನಲ್ಲಿ ಸೀಳುಗಳನ್ನು ಕೊರೆದರೆ ನಿಮ್ಮ ಫೇಸ್ ಪ್ಲೇಟೂ ಆಯಿತು.

ಇನ್ನು 127 ಹಲ್ಲಿನ ಗೇರ್. ಒಂದು ಇಂಚು ನಿಖರವಾಗಿ 25.4 ಮಿ.ಮೀ., 127 ಅದರ ಐದು ಪಟ್ಟು. ಪೂರ್ತಿ ನಿಖರ ಮೆಟ್ರಿಕ್ ಪಿಚ್ ಬೇಕಾದರೆ ಆ ಸಂಖ್ಯೆ ಬೇಕು ಅನ್ನುವುದು ಸರಿ. ಆದರೆ ನಟ್ಟು ಬೋಲ್ಟಿನ ಕೆಲಸಕ್ಕೆ ಅಷ್ಟು ಬೇಕಿಲ್ಲ. 100ನ್ನು 127ರಿಂದ ಭಾಗಿಸಿದರೆ 0.7874. 63ನ್ನು 80ರಿಂದ ಭಾಗಿಸಿದರೆ 0.7875. ನೋಡಿ, ಎಷ್ಟು ಹತ್ತಿರ! 8 ಥ್ರೆಡ್‌ನ ಲೀಡ್ ಸ್ಕ್ರೂ ಇದ್ದರೆ 63 ನಡೆಸುವ ಗೇರ್, 80 ನಡೆಯುವ ಗೇರ್ ಹಾಕಿದಾಗ 2.5 ಮಿ.ಮೀ. ಪಿಚ್ ಬರುತ್ತದೆ. 63 ಅಂದರೆ 21ರ ಮೂರು ಪಟ್ಟು, ಹಾಗಾಗಿ ಒಂದೇ ಒಂದು 21 ಹಲ್ಲಿನ ಪುಟ್ಟ ಗೇರ್ ಸೇರಿಸಿದರೂ ಸಾಕು. 1 ಮಿ.ಮೀ. ಪಿಚ್‌ಗೆ 21/50 ಮತ್ತು 45/60. 1.5 ಮಿ.ಮೀ. ಪಿಚ್‌ಗೆ 21/40 ಮತ್ತು 45/50. ಪ್ರತಿ ಜೋಡಿಯಲ್ಲಿ ಮೊದಲನೆಯದು ನಡೆಸುವುದು. ತಪ್ಪು ಎಷ್ಟು ಗೊತ್ತಾ? 100 ಮಿ.ಮೀ. ಉದ್ದಕ್ಕೆ 0.0125 ಮಿ.ಮೀ. ಹಳೇ ಲೀಡ್ ಸ್ಕ್ರೂನ ಸವೆತವೇ ಅದಕ್ಕಿಂತ ಜಾಸ್ತಿ ಇರಬಹುದು. ಅಳತೆಯ ಉಪಕರಣಕ್ಕೆ ಉದ್ದನೆಯ ಸ್ಕ್ರೂ ಮಾಡುವಾಗ ಮಾತ್ರ 127ರ ಯೋಚನೆ ಮಾಡಿ.

ಇಲ್ಲದ ಗೇರ್‌ಗಳನ್ನು ಕೊಳ್ಳುವಾಗ ಒಂದು ಬಲೆ ಇದೆ. ಎಂಎಲ್7ರ ಚೇಂಜ್ ಗೇರ್‌ಗಳು 20 ಡಿಪಿ (ಇಂಚಿನ ಲೆಕ್ಕದಲ್ಲಿ ಹಲ್ಲಿನ ಗಾತ್ರ), ಪ್ರೆಶರ್ ಆಂಗಲ್ (ಹಲ್ಲಿನ ಬದಿಯ ಓರೆ) 14½ ಡಿಗ್ರಿ. 40 ಹಲ್ಲಿನದರ ಹೊರವ್ಯಾಸ 42ನ್ನು 20ರಿಂದ ಭಾಗಿಸಿದಷ್ಟು, ಅಂದರೆ 2.1 ಇಂಚು, 53.34 ಮಿ.ಮೀ. ಅದೇ 40 ಹಲ್ಲು ಮಿ.ಮೀ. ಲೆಕ್ಕದ 1.25 ಮಾಡ್ಯೂಲ್‌ನಲ್ಲಿ 52.5 ಮಿ.ಮೀ. ಬರುತ್ತದೆ. ಕಣ್ಣಿಗೆ ಎರಡೂ ಒಂದೇ. ಪಕ್ಕಪಕ್ಕ ಇಟ್ಟರೆ ಹಲ್ಲುಗಳು ಕೂಡಿದ ಹಾಗೇ ಕಾಣುತ್ತವೆ. ಓಡಿಸಿದಾಗ ಗರಗರ ಅನ್ನುತ್ತವೆ, ಬೇಗ ಸವೆಯುತ್ತವೆ. ಹಲ್ಲಿನ ಸಂಖ್ಯೆಗೆ 2 ಸೇರಿಸಿ, ಇಂಚಿನ ಹೊರವ್ಯಾಸದಿಂದ ಭಾಗಿಸಿ. ಬಂದದ್ದು 20ಕ್ಕೆ ಹತ್ತಿರ ಇಲ್ಲದಿದ್ದರೆ ಬೇಡ. ಸೌತ್ ಬೆಂಡ್ 9 ಇಂಚಿನದು 18 ಡಿಪಿ, ಅಟ್ಲಾಸ್ 10 ಇಂಚಿನದು 16 ಡಿಪಿ, ಅವು ನಿಮಗೆ ಹೊಂದುವುದಿಲ್ಲ.

ಗೇರನ್ನು ನೀವೇ ಕತ್ತರಿಸುವುದೂ ಸಾಧ್ಯ, ಆದರೆ ಅದಕ್ಕೆ ಸುತ್ತನ್ನು ಸಮಭಾಗ ಮಾಡುವ ಡಿವೈಡಿಂಗ್ ವ್ಯವಸ್ಥೆ ಬೇಕು. ಜೊತೆಗೆ ಪ್ರತಿ ಡಿಪಿಗೆ 8 ಕಟ್ಟರ್‌ಗಳ ಸೆಟ್ ಇರುತ್ತದೆ. 21ರಿಂದ 25 ಹಲ್ಲಿಗೆ 5ನೇ ನಂಬರ್, 35ರಿಂದ 54ಕ್ಕೆ 3ನೇ ನಂಬರ್, ಹೀಗೆ. 20 ಡಿಪಿಗೆ ಹಲ್ಲಿನ ಆಳ 2.74 ಮಿ.ಮೀ. ಒಂದೆರಡು ಗೇರಿಗೋಸ್ಕರ ಇಷ್ಟೆಲ್ಲ ಕೂಡಿಸುವುದು ದುಬಾರಿ. ಬೇಕಾದ ನಂಬರಿನ ಕಟ್ಟರ್ ಮಾತ್ರ ಕೊಂಡರೆ ಪರವಾಗಿಲ್ಲ.

ಪ್ರಿಂಟ್ ಮಾಡಿದ ಪ್ಲಾಸ್ಟಿಕ್ ಗೇರ್ ಆಟಿಕೆಯಲ್ಲ. ಚೇಂಜ್ ಗೇರ್ ಮೇಲೆ ಬೀಳುವ ಭಾರ ಕಡಿಮೆ, ವೇಗವೂ ಕಡಿಮೆ. ನೈಲಾನ್ ಆದರೆ ಒಳ್ಳೆಯದು. ಪ್ರಿಂಟಿಗೆ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮೆತ್ತಗಾಗುತ್ತದೆ, ಬೋಲ್ಟಿನ ಬಿಗಿತಕ್ಕೆ ನಿಧಾನವಾಗಿ ತಗ್ಗುತ್ತದೆ. ಆದರೂ ಒಂದು ಜೋಡಣೆ ಸರಿಯಾ ಅಂತ ಪರೀಕ್ಷಿಸಲು ಸಾಕು. ಗೇರನ್ನು ಮಲಗಿಸಿ ಪ್ರಿಂಟ್ ಮಾಡಿ. ಕ್ಯಾರೇಜ್ ಚಕ್‌ಗೆ ತಾಗಿತು ಅನ್ನಿ, ಪ್ಲಾಸ್ಟಿಕ್ ಹಲ್ಲು ಮುರಿದು ಲೀಡ್ ಸ್ಕ್ರೂ ಉಳಿಯುತ್ತದೆ. ಇದನ್ನು ನಾನು ಲಾಭ ಅಂತಲೇ ನೋಡುತ್ತೇನೆ. ಹಾಗೆ ನೋಡಿದರೆ ಅಟ್ಲಾಸ್ ಲೇಥ್‌ಗಳ ಚೇಂಜ್ ಗೇರ್‌ಗಳನ್ನು ಕಾರ್ಖಾನೆಯವರೇ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು ಕೊಟ್ಟಿದ್ದರು. ಯಾವ ಗೇರ್ ಆದರೂ ಹಲ್ಲುಗಳ ನಡುವೆ ಒಂದು ಕಾಗದದ ಪಟ್ಟಿ ಇಟ್ಟು ಜೋಡಿಸಿ, ಬಿಗಿದು, ಆಮೇಲೆ ಕಾಗದ ತಿರುಗಿಸಿ ತೆಗೆಯಿರಿ. ಅಷ್ಟು ಸಂದಿ ಸರಿ.

ಸ್ಟೆಡಿ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಮೂರು ಬೆರಳೂ ಸರಿಯುವುದರಿಂದ ಅದರ ಉಂಗುರ ನಿಖರವಾಗಿ ನಡುವಿನಲ್ಲಿ ಇರಬೇಕಾಗಿಲ್ಲ. ಗಟ್ಟಿಯಾಗಿ ನಿಲ್ಲಬೇಕು, ಅಷ್ಟೇ. ದಪ್ಪ ಉಕ್ಕಿನ ಪ್ಲೇಟ್ ಕತ್ತರಿಸಿ ವೆಲ್ಡ್ ಮಾಡಿದರೂ ನಡೆಯುತ್ತದೆ. ವೆಲ್ಡ್ ಆದ ಮೇಲೆ ತಳವನ್ನು ಮಟ್ಟ ಮಾಡಲು ಮರೆಯಬೇಡಿ, ಬಿಸಿಗೆ ಅದು ಬಾಗಿರುತ್ತದೆ. ಎಂಎಲ್7ರ ಬೆಡ್ ಚಪ್ಪಟೆ, ಹಾಗಾಗಿ ತಳ ಮಾಡುವುದು ಸುಲಭ. ಸೌತ್ ಬೆಂಡ್‌ನಂತೆ ವಿ ಆಕಾರದ ಬೆಡ್ ಇದ್ದವರಿಗೆ ಕೆಲಸ ಜಾಸ್ತಿ. ಬೇರೆ ಲೇಥಿನ ಹಳೇ ಸ್ಟೆಡಿ ಅಗ್ಗಕ್ಕೆ ಸಿಕ್ಕರೆ, ಅದರ ಸೆಂಟರ್ ಎತ್ತರ ನಿಮ್ಮದಕ್ಕಿಂತ ಕಡಿಮೆಯಿದ್ದರೆ ಅಡಿಗೆ ಒಂದು ದಿಮ್ಮಿ ಕೊಟ್ಟು ಎತ್ತರಿಸಬಹುದು. ಜಾಸ್ತಿಯಿದ್ದರೆ ತಳ ಕತ್ತರಿಸಬೇಕು, ಅದು ಬಲ ಕಡಿಮೆ ಮಾಡುತ್ತದೆ. ಬೆರಳಿನ ತುದಿಗೆ ಕಂಚು ಅಥವಾ ಹಿತ್ತಾಳೆ ಹಾಕಿ. ಬಾಲ್ ಬೇರಿಂಗ್ ಹಾಕಿದರೆ ನಯವಾಗಿ ತಿರುಗುತ್ತದೆ ನಿಜ, ಆದರೆ ಒಂದು ಚಿಪ್ ಸಿಕ್ಕಿದರೆ ಅದನ್ನು ಕೆಲಸದ ಮೈಗೇ ಒತ್ತಿಬಿಡುತ್ತದೆ.

ಟೂಲ್ ಪೋಸ್ಟಿಗೆ ಕೊಳ್ಳುವ ಕ್ವಿಕ್ ಚೇಂಜ್ ಸೆಟ್‌ಗಳು ಚೆನ್ನಾಗಿವೆ. ಟಾಪ್ ಸ್ಲೈಡ್‌ನಿಂದ ಸೆಂಟರ್‌ವರೆಗಿನ ಎತ್ತರವನ್ನು ಮೊದಲು ಅಳೆಯಿರಿ. ಹೋಲ್ಡರ್ ಪೂರ್ತಿ ಕೆಳಗಿಳಿಸಿದರೂ ಟೂಲ್ ತುದಿ ಸೆಂಟರ್‌ಗಿಂತ ಮೇಲೇ ಇದ್ದರೆ ಆ ಸೆಟ್ ದಂಡ. ಸ್ವಂತವಾಗಿ ಮಾಡುವುದಾದರೆ ನಾರ್ಮನ್ ಮಾದರಿ ಸಲೀಸು. ಒಂದು ದುಂಡು ಕಂಬ, ಅದನ್ನು ಅಪ್ಪುವ ಚೌಕದ ಹೋಲ್ಡರ್, ಬಿಗಿಯಲು ಒಂದು ಬೋಲ್ಟ್.

ಮಿಲ್ಲಿಂಗ್ ವಿಷಯದಲ್ಲಿ ಆಸೆ ಮಿತಿಯಲ್ಲಿರಲಿ. ವರ್ಟಿಕಲ್ ಸ್ಲೈಡ್ ಕ್ರಾಸ್ ಸ್ಲೈಡ್ ಮೇಲೆ ಕೂತು ಕೆಲಸವನ್ನು ಹಿಡಿಯುತ್ತದೆ, ಕಟ್ಟರ್ ಸ್ಪಿಂಡಲ್‌ನಲ್ಲಿ ತಿರುಗುತ್ತದೆ. ಕೀವೇ, ಚಿಕ್ಕ ಚಪ್ಪಟೆ ಮುಖಗಳು ಚೆನ್ನಾಗಿ ಬರುತ್ತವೆ. ಆಳದ ಕಟ್ ಕೊಟ್ಟರೆ ಎಲ್ಲವೂ ನಡುಗುತ್ತದೆ. ಕಟ್ಟರ್ ತಿರುಗುವ ದಿಕ್ಕಿಗೆ ಎದುರಾಗಿಯೇ ಫೀಡ್ ಕೊಡಿ. ಹಳೇ ಸ್ಕ್ರೂಗಳಲ್ಲಿ ಬ್ಯಾಕ್‌ಲ್ಯಾಶ್ (ಸಡಿಲ) ಇರುವುದರಿಂದ, ದಿಕ್ಕು ಒಂದೇ ಆದರೆ ಕಟ್ಟರ್ ಕೆಲಸವನ್ನು ಒಳಗೆ ಎಳೆದುಕೊಂಡು ಮುರಿಯುತ್ತದೆ. ಎಂಡ್ ಮಿಲ್ಲನ್ನು ಡ್ರಿಲ್ ಚಕ್‌ನಲ್ಲಿ ಹಿಡಿಯಲೇಬಾರದು. ಅಡ್ಡ ಒತ್ತಡಕ್ಕೆ ಟೇಪರ್ ಸಡಿಲವಾಗಿ ಚಕ್ ತಿರುಗುತ್ತಲೇ ಹೊರಗೆ ಬರಬಹುದು. ಸ್ಪಿಂಡಲ್ ತೂತಿನ ಓರೆಗೆ ಕೂರುವ 2ನೇ ನಂಬರ್ ಮೋರ್ಸ್ ಟೇಪರಿನ ಕೊಲೆಟ್ ಹಾಕಿ, ಹಿಂದಿನಿಂದ ಡ್ರಾ ಬಾರ್‌ನಿಂದ ಎಳೆದು ಬಿಗಿಯಿರಿ.

ಇದಕ್ಕಿಂತ ಒಳ್ಳೆಯದು ಸ್ಪಿಂಡಲ್ ಮೂತಿಗೇ ಹಾಕುವ ಇಆರ್32 ಕೊಲೆಟ್ ಚಕ್. ಕೊಲೆಟ್ ಮತ್ತು ನಟ್ ಕೊಳ್ಳಿ, ಚಕ್‌ನ ಮೈ ಮಾಡಿಕೊಳ್ಳಿ. ಹಿಂಬದಿ ಬ್ಯಾಕ್ ಪ್ಲೇಟ್ ಹಾಗೇ, ಅದೇ ನಕಲಿ ಮೂತಿಯಿಂದ ಪರೀಕ್ಷೆ. ಆಮೇಲೆ ಸ್ಪಿಂಡಲ್‌ಗೆ ಹಾಕಿ ಒಳಗಿನ ಟೇಪರನ್ನು ಅಲ್ಲೇ ಬೋರ್ ಮಾಡಿ, ಪ್ರತಿ ಬದಿಗೆ 8 ಡಿಗ್ರಿ. ನಟ್ಟಿನ ಥ್ರೆಡ್ ಎಂ40×1.5, ಮೇಲೆ ಹೇಳಿದ 21/40 ಮತ್ತು 45/50 ಇಲ್ಲಿ ಕೆಲಸಕ್ಕೆ ಬರುತ್ತದೆ. ಇದಾದ ಮೇಲೆ ಸಣ್ಣ ಸರಳುಗಳ ಕೆಲಸಕ್ಕೆ ಆ ಹಳೇ ಮೂರು ಜಾ ಚಕ್ಕನ್ನು ನೀವು ಅಪರೂಪಕ್ಕೆ ಹುಡುಕುತ್ತೀರಿ.

ಚಕ್ ಬಿಗಿಯಾಗಿ ಅಂಟಿಕೊಂಡು ಬಿಚ್ಚದಿದ್ದರೆ, ಬ್ಯಾಕ್ ಗೇರ್ (ಸ್ಪಿಂಡಲ್ ವೇಗ ತಗ್ಗಿಸುವ ಗೇರ್) ಸಿಕ್ಕಿಸಿ ಸ್ಪಿಂಡಲ್ ಲಾಕ್ ಮಾಡಿ ಚಕ್‌ಗೆ ಹೊಡೆಯಬೇಡಿ. ರಿಪೇರಿಗೆ ಬರುವ ಹಳೇ ಲೇಥ್‌ಗಳಲ್ಲಿ ಹಲ್ಲು ಮುರಿದ ಬುಲ್ ಗೇರ್ (ಸ್ಪಿಂಡಲ್ ಮೇಲಿನ ದೊಡ್ಡ ಗೇರ್) ಕಂಡರೆ ನಾನು ಮೊದಲು ಅನುಮಾನಿಸುವುದು ಇದನ್ನೇ. ಸಂದಿಗೆ ತೆಳು ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಸ್ಪಿಂಡಲ್‌ನ ಪುಲ್ಲಿಯನ್ನು ಪಟ್ಟಿಯಿಂದ ಹಿಡಿದು, ಜಾಗಳಲ್ಲಿ ಒಂದು ದಪ್ಪ ಸರಳು ಅಡ್ಡ ಕಚ್ಚಿಸಿ ಎಳೆಯಿರಿ.

ಕೊನೆಗೆ ವಿಎಫ್‌ಡಿ. ಹಾಕಿಸಿ, ಅನುಕೂಲ ಜಾಸ್ತಿ. ಆದರೆ ನಿಮ್ಮ ಚಕ್ ಥ್ರೆಡ್ ಮೇಲೆ ನಿಂತಿದೆ ಅನ್ನುವುದನ್ನು ಸೆಟ್ ಮಾಡುವವರಿಗೆ ಹೇಳಿ. ತಟ್ಟನೆ ಬ್ರೇಕ್ ಹಾಕಿದರೆ ಸ್ಪಿಂಡಲ್ ನಿಲ್ಲುತ್ತದೆ, ಭಾರವಾದ ಚಕ್ ತಿರುಗುತ್ತಲೇ ಇದ್ದು ಬಿಚ್ಚಿಕೊಂಡು ಬರುತ್ತದೆ. ರಿವರ್ಸ್‌ನಲ್ಲಿ ಕಟ್ ಕೊಟ್ಟರೂ ಅದೇ ಅಪಾಯ. ಹಾಗಾಗಿ ಬ್ರೇಕ್ ಆಫ್ ಇರಲಿ, ನಿಲ್ಲುವ ಸಮಯ ಕೆಲವು ಸೆಕೆಂಡುಗಳಷ್ಟು ಇರಲಿ. ರಿವರ್ಸ್ ಬಟನ್ನನ್ನು ಸುಲಭವಾಗಿ ಒತ್ತಲಾಗದಂತೆ ಮಾಡಿ. ಎಂಎಲ್7ರ ಮೂಲ ಗರಿಷ್ಠ ವೇಗ ಸುಮಾರು 640 ಆರ್‌ಪಿಎಂ, ಬೇರಿಂಗ್ ವೈಟ್ ಮೆಟಲ್‌ನದು. ವಿಎಫ್‌ಡಿಯಲ್ಲಿ ಅದಕ್ಕಿಂತ ಮೇಲೆ ಹೋಗದಂತೆ ಮಿತಿ ಹಾಕಿ, ಹೆಡ್‌ಸ್ಟಾಕ್‌ನ ಎಣ್ಣೆ ಬಟ್ಟಲುಗಳು ಒಣಗದಂತೆ ನೋಡಿಕೊಳ್ಳಿ.